ಖಾಲಿ ತೋಟಾ: ವಿಂಗಡಣೆಯ ವಿಜ್ಞಾನ

ಎನ್.ಸಿ.ಸಿ. ಶಿಬಿರದಲ್ಲಿ ಗುಂಡು ಹಾರಿಸಿದ ಅನುಭವ ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಹಾಗಿದ್ದರೆ ಒಂದು ಸಂಗತಿ ನಿಮಗೆ ಚೆನ್ನಾಗಿ ಗೊತ್ತು. ಗುರಿಗೆ ಎಷ್ಟು ಗುಂಡು ಬಿತ್ತು ಎಂದು ನೋಡುವ ಮೊದಲೇ, ರೈಫಲಿನಿಂದ ಹೊರಬಿದ್ದ ಖಾಲಿ ತೋಟಾಗಳನ್ನು ಹೆಕ್ಕಿ, ಎಣಿಸಿ, ಒಪ್ಪಿಸಬೇಕು. ಲೆಕ್ಕದಲ್ಲಿ ಒಂದು ಕಡಿಮೆಯಾದರೂ ಹುಲ್ಲಿನಲ್ಲಿ ಹುಡುಕಾಟ ತಪ್ಪಿದ್ದಲ್ಲ. ಗುಂಡು ಹಾರಿಹೋಯಿತು, ಮದ್ದು ಉರಿದುಹೋಯಿತು; ಈ ಖಾಲಿ ಕೊಳವೆಗೆ ಇಷ್ಟೊಂದು ಗೌರವವೇಕೆ ಎಂದು ನೀವು ಕೇಳಿಕೊಂಡಿರಬಹುದು.

ಚಲನಚಿತ್ರದಲ್ಲಾಗಲಿ ದೂರದರ್ಶನದ ಪರದೆಯ ಮೇಲಾಗಲಿ ಪಿಸ್ತೂಲು ಸಿಡಿದಾಗ ಕ್ಯಾಮೆರಾ ಗುಂಡಿನ ದಿಕ್ಕಿಗೇ ತಿರುಗುತ್ತದೆ. ಪಕ್ಕಕ್ಕೆ ಚಿಮ್ಮಿ ನೆಲದ ಮೇಲೆ ಟಣ್ ಎಂದು ಬಿದ್ದ ಹಿತ್ತಾಳೆಯ ಪುಟ್ಟ ಕೊಳವೆಯನ್ನು ಯಾರೂ ನೋಡುವುದಿಲ್ಲ. ನಾವು ಈಗ ಆ ಕೊಳವೆಯ ಹಿಂದೆಯೇ ಹೋಗೋಣ. ಅದರೊಳಗೆ ಲೋಹವಿಜ್ಞಾನ, ರಸಾಯನವಿಜ್ಞಾನ, ಸ್ವಲ್ಪ ಇತಿಹಾಸ, ಜೊತೆಗೆ ಒಬ್ಬರ ಕಣ್ಣು ಕೈಗಳ ಕ್ಷೇಮವೂ ಅಡಗಿವೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗುರಿ ಹೊಡೆಯುವುದು ಬಹಳ ಜನರ ಹವ್ಯಾಸ. ಅಲ್ಲಿನ ಅಭ್ಯಾಸದ ಮೈದಾನಗಳಲ್ಲಿ ಸಂಜೆಯ ಹೊತ್ತಿಗೆ ನೆಲದ ತುಂಬ ಬಗೆಬಗೆಯ ಪಿಸ್ತೂಲುಗಳ ಖಾಲಿ ಕೇಸುಗಳು ಚೆಲ್ಲಿರುತ್ತವೆ. ಅವನ್ನು ಗುಡಿಸಿ ಬಕೆಟ್ಟುಗಳಲ್ಲಿ ತುಂಬುತ್ತಾರೆ. ಅನೇಕ ಹವ್ಯಾಸಿಗಳು ಇವನ್ನು ವಿಂಗಡಿಸಿ, ತೊಳೆದು, ಮತ್ತೆ ಮದ್ದು ಗುಂಡು ತುಂಬಿ ಬಳಸುತ್ತಾರೆ. ಅಲ್ಲಿ ಇದು ಕಾನೂನಿಗೆ ಒಳಪಟ್ಟ ಹವ್ಯಾಸ. ನಮ್ಮ ದೇಶದಲ್ಲಿ ಹಾಗಲ್ಲ. ಆ ಮಾತಿಗೆ ಕೊನೆಯಲ್ಲಿ ಬರೋಣ. ಸದ್ಯಕ್ಕೆ ನಮ್ಮ ಕುತೂಹಲ ಇಷ್ಟೇ. ಬೆರೆತುಹೋದ ಒಂದು ಬಕೆಟ್ ಕೇಸುಗಳಲ್ಲಿ ಯಾವುದು ಮರುಬಳಕೆಗೆ ಯೋಗ್ಯ, ಯಾವುದು ಅಯೋಗ್ಯ? ಅದನ್ನು ತಿಳಿಯುವುದು ಹೇಗೆ?

ತೋಟಾದೊಳಗೆ ಏನಿದೆ?

ಒಂದು ತೋಟಾದಲ್ಲಿ ನಾಲ್ಕು ಭಾಗಗಳು. ತುದಿಯಲ್ಲಿ ಗುಂಡು. ಒಳಗೆ ಮದ್ದು. ತಳದ ನಡುವೆ ಬಡಿತಕ್ಕೆ ಕಿಡಿ ಹೊರಡಿಸುವ ಕೇಪು. ಈ ಮೂರನ್ನೂ ಹಿಡಿದಿಟ್ಟುಕೊಳ್ಳುವ ಕೊಳವೆಯೇ ಕೇಸು. ಹಾರಿಸಿದ ಮೇಲೆ ಗುಂಡು ಕೈಬಿಟ್ಟಿತು, ಮದ್ದು ಅನಿಲವಾಯಿತು, ಕೇಪು ಒಮ್ಮೆ ಸಿಡಿದರೆ ಮುಗಿಯಿತು. ಉಳಿಯುವುದು ಕೇಸು ಒಂದೇ.

1857ರ ಪಾಠವನ್ನು ನೆನಪಿಸಿಕೊಳ್ಳಿ. ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಎನ್‌ಫೀಲ್ಡ್ ಕಾಡತೂಸು ಕಾಗದದ್ದಾಗಿತ್ತು. ಅದರ ಕೊಬ್ಬಿನ ಲೇಪದ ಸುದ್ದಿ ಎಂತಹ ಕಿಡಿ ಹಚ್ಚಿತೆಂಬುದು ನಿಮಗೆ ತಿಳಿದದ್ದೇ. ಕಾಗದದ ತೋಟಾದಲ್ಲಿ ಮರುಬಳಕೆಯ ಪ್ರಶ್ನೆಯೇ ಇರಲಿಲ್ಲ. ಅದಾದ ಹತ್ತು ಹದಿನೈದು ವರ್ಷಗಳಲ್ಲಿ ಕಾಗದದ ಜಾಗಕ್ಕೆ ಲೋಹ ಬಂತು, ಲೋಹಗಳಲ್ಲಿ ಹಿತ್ತಾಳೆ ನೆಲೆಯೂರಿತು.

ಹಿತ್ತಾಳೆಯೇ ಏಕೆ?

ತೋಟಾಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಈ ಪ್ರಮಾಣದ ಮಿಶ್ರಲೋಹಕ್ಕೆ ತೋಟಾ ಹಿತ್ತಾಳೆ ಎಂಬ ಹೆಸರೇ ಬಿದ್ದಿದೆ. ತೆಳುವಾಗಿ ಎಳೆದರೂ ಹರಿಯದ ಗುಣ ಇದರದು.

ಮದ್ದು ಉರಿದಾಗ ಒಳಗಿನ ಒತ್ತಡ ಎಷ್ಟಿರುತ್ತದೆ ಗೊತ್ತೆ? ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನಲ್ಲಿ ಹೊರಗಿನ ಗಾಳಿಗಿಂತ ಸುಮಾರು ಒಂದು ವಾಯುಭಾರದಷ್ಟು ಹೆಚ್ಚು ಒತ್ತಡ. ಕಾರಿನ ಚಕ್ರದಲ್ಲಿ ಎರಡರಷ್ಟು. ಸಾಮಾನ್ಯವಾದ 9 ಮಿ.ಮೀ. ಪಿಸ್ತೂಲು ತೋಟಾದಲ್ಲಿ ಅನುಮತಿಸಿದ ಗರಿಷ್ಠ ಒತ್ತಡ ಸುಮಾರು 2,400 ವಾಯುಭಾರ. ಅದು ಕ್ಷಣವೊಂದರ ಸಾವಿರದ ಒಂದು ಪಾಲಿನಷ್ಟು ಕಾಲ ಬಂದು ಹೋಗುತ್ತದೆ. ಅಷ್ಟರಲ್ಲಿ ಹಿತ್ತಾಳೆಯ ತೆಳು ಗೋಡೆ ಉಬ್ಬಿ ಪಿಸ್ತೂಲಿನ ಉಕ್ಕಿನ ಗೂಡಿಗೆ ಒತ್ತಿಕೊಳ್ಳುತ್ತದೆ. ಆಗ ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಹಾರಿಸುವವನ ಮುಖಕ್ಕೆ ಬರುವುದಿಲ್ಲ. ಮುಂದಕ್ಕೆ, ಗುಂಡಿನ ಬೆನ್ನಿಗೇ ಹೋಗುತ್ತದೆ. ಒತ್ತಡ ಇಳಿದೊಡನೆ ಹಿತ್ತಾಳೆ ತನ್ನ ಸ್ಥಿತಿಸ್ಥಾಪಕ ಗುಣದಿಂದ ಕೂದಲೆಳೆಯಷ್ಟು ಕುಗ್ಗಿ, ಗೂಡಿನಿಂದ ಬಿಡಿಸಿಕೊಂಡು ಸರಾಗವಾಗಿ ಹೊರಬರುತ್ತದೆ. ಉಬ್ಬಬೇಕು, ಮುಚ್ಚಬೇಕು, ಮತ್ತೆ ಕುಗ್ಗಬೇಕು. ಈ ಮೂರನ್ನೂ ಇಷ್ಟು ನಂಬಿಕೆಯಿಂದ ಮಾಡುವ, ಮತ್ತೆ ಮತ್ತೆ ಮಾಡಬಲ್ಲ ಲೋಹ ಅಗ್ಗದಲ್ಲಿ ಬೇರೊಂದಿಲ್ಲ.

ಮೊದಲ ಜರಡಿ: ಕೇಪು ಎಲ್ಲಿದೆ?

ಬಕೆಟ್ಟಿನಿಂದ ಒಂದು ಕೇಸನ್ನು ಎತ್ತಿ ತಳ ನೋಡಿದರೆ ಮೊದಲ ಉತ್ತರ ಅಲ್ಲೇ ಸಿಗುತ್ತದೆ. ತಳದ ನಡುವೆ ವೃತ್ತಾಕಾರದ ಬೇರೆಯೇ ಬಿಲ್ಲೆ ಇದ್ದರೆ ಅದು ನಡುಕೇಪಿನ ತೋಟಾ. ತಳವೆಲ್ಲ ನುಣ್ಣಗಿದ್ದು ಅಂಚಿನಲ್ಲಿ ಮಾತ್ರ ಬಡಿತದ ಗುರುತಿದ್ದರೆ ಅದು ಅಂಚುಕೇಪಿನದು. ಎನ್.ಸಿ.ಸಿ.ಯವರು ಬಳಸುವ .22 ತೋಟಾ ಈ ಎರಡನೆಯ ಜಾತಿ. ಅದರಲ್ಲಿ ಸ್ಫೋಟಕ ಲೇಪವನ್ನು ಮಡಿಸಿದ ಅಂಚಿನೊಳಗೇ ಸವರಿರುತ್ತಾರೆ. ಹಾರಿಸಿದ ಮೇಲೆ ಆ ಅಂಚು ನಜ್ಜುಗುಜ್ಜು. ಹೊಸ ಕೇಪು ಕೂರಿಸಲು ಜಾಗವೇ ಇಲ್ಲ. ಹಾಗಾಗಿ .22 ಕೇಸು ನೇರ ಗುಜರಿಗೆ. ಎನ್.ಸಿ.ಸಿ.ಯಲ್ಲಿ ಅದನ್ನು ಎಣಿಸಿ ಪಡೆಯುವುದು ಮರುಬಳಕೆಗಾಗಿ ಅಲ್ಲ, ಕೊಟ್ಟ ಒಂದೊಂದು ತೋಟಾವೂ ಹಾರಿತೆಂಬ ಲೆಕ್ಕಕ್ಕಾಗಿ.

ನಡುಕೇಪಿನಲ್ಲೂ ಎರಡು ಪಂಥಗಳಿವೆ. ಒಂದು ಬಾಕ್ಸರ್, ಇನ್ನೊಂದು ಬರ್ಡನ್. ಎರಡೂ ವ್ಯಕ್ತಿಗಳ ಹೆಸರುಗಳು, ಎರಡೂ 1860ರ ದಶಕದವು. ಎಡ್ವರ್ಡ್ ಬಾಕ್ಸರ್ ಬ್ರಿಟಿಷ್ ಸೇನೆಯ ಅಧಿಕಾರಿ. ಹೈರಮ್ ಬರ್ಡನ್ ಅಮೆರಿಕದವನು. ಬಾಕ್ಸರನ ಪದ್ಧತಿಯಲ್ಲಿ ಕೇಪು ಬಡಿಸಿಕೊಳ್ಳುವ ಪುಟ್ಟ ಅಡಿಗಲ್ಲು ಕೇಪಿನ ಒಳಗೇ ಇರುತ್ತದೆ. ಕಿಡಿ ಮದ್ದಿಗೆ ಹೋಗಲು ಕೇಸಿನ ತಳದ ನಡುವೆ ಒಂದೇ ರಂಧ್ರ. ಬರ್ಡನ್ ಪದ್ಧತಿಯಲ್ಲಿ ಅಡಿಗಲ್ಲು ಕೇಸಿನ ತಳದ ಭಾಗವೇ ಆಗಿರುತ್ತದೆ. ಅದರ ಅಕ್ಕಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ರಂಧ್ರಗಳು. ಬಾಕ್ಸರ್ ಕೇಸಿನಲ್ಲಿ ಉರಿದ ಕೇಪನ್ನು ನಡುರಂಧ್ರದ ಮೂಲಕ ಒಂದು ಕಡ್ಡಿಯಿಂದ ಹೊರದೂಡಬಹುದು. ಬರ್ಡನ್ ಕೇಸಿನಲ್ಲಿ ಹಾಗೆ ದೂಡಿದರೆ ಕಡ್ಡಿ ಅಡಿಗಲ್ಲಿಗೆ ತಾಗಿ ಮುರಿಯುತ್ತದೆ. ಆದ್ದರಿಂದ ಕೇಸಿನ ಬಾಯಿಯನ್ನು ಬೆಳಕಿಗೆ ಹಿಡಿದು ಒಳಗಿನ ರಂಧ್ರ ಎಷ್ಟೆಂದು ನೋಡುವುದು ವಿಂಗಡಣೆಯ ಒಂದು ಹಂತ. ವಿನೋದವೆಂದರೆ, ಇಂಗ್ಲಿಷನ ಪದ್ಧತಿ ಅಮೆರಿಕದಲ್ಲಿ ಬೇರೂರಿತು, ಅಮೆರಿಕದವನ ಪದ್ಧತಿ ಯೂರೋಪಿನಲ್ಲಿ.

ಎರಡನೆಯ ಜರಡಿ: ಯಾವ ಲೋಹ?

ಬಣ್ಣ ನೋಡಿ ಲೋಹ ಹೇಳಲು ಹೊರಟರೆ ಮೋಸಹೋಗುತ್ತೇವೆ. ಹಳದಿಯಾಗಿ ಹೊಳೆಯುವುದೆಲ್ಲ ಹಿತ್ತಾಳೆಯಲ್ಲ. ಉಕ್ಕಿನ ಕೇಸಿಗೆ ತೆಳುವಾಗಿ ಹಿತ್ತಾಳೆಯ ಅಥವಾ ತಾಮ್ರದ ನೀರು ಕೊಟ್ಟವೂ ಇವೆ. ಬೆಳ್ಳಗಿರುವುದೆಲ್ಲ ಅಲ್ಯೂಮಿನಿಯಂ ಅಲ್ಲ. ಹಿತ್ತಾಳೆಯ ಮೇಲೆ ನಿಕ್ಕಲ್ ಲೇಪಿಸಿದ ಕೇಸುಗಳೂ ಇವೆ. ಆದ್ದರಿಂದ ಇಲ್ಲಿ ಪರೀಕ್ಷಕನ ಕೈಯ ಆಯುಧ ಅಯಸ್ಕಾಂತ. ಉಕ್ಕಿನದು ತಟ್ಟನೆ ಅಂಟಿಕೊಳ್ಳುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಅಂಟುವುದಿಲ್ಲ. ಮಿಕ್ಕ ಎರಡನ್ನು ತೂಕದಿಂದ ಬೇರ್ಪಡಿಸಬಹುದು. ಹಿತ್ತಾಳೆಯ ಸಾಂದ್ರತೆ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು.

ಇಲ್ಲೊಂದು ಪ್ರಶ್ನೆ ನಿಮಗೆ ಹೊಳೆದಿರಬೇಕು. ನಿಕ್ಕಲ್ ಕೂಡ ಕಬ್ಬಿಣದಂತೆ ಅಯಸ್ಕಾಂತಕ್ಕೆ ಒಲಿಯುವ ಲೋಹವಲ್ಲವೆ? ನಿಜ. ಆದರೆ ಕೇಸಿನ ಮೇಲಿನ ನಿಕ್ಕಲ್ ಪೊರೆ ಎಷ್ಟು ತೆಳುವೆಂದರೆ ಸಾಮಾನ್ಯ ಅಯಸ್ಕಾಂತ ಅದರ ದೆಸೆಯಿಂದ ಇಡೀ ಕೇಸನ್ನು ಎತ್ತಲಾರದು.

ಉಕ್ಕು, ಅಲ್ಯೂಮಿನಿಯಂ ಕೇಸುಗಳನ್ನು ಒಮ್ಮೆ ಬಳಸಿ ಬಿಡುವುದಕ್ಕೆಂದೇ ಮಾಡುತ್ತಾರೆ. ಹಿತ್ತಾಳೆಯಂತೆ ಹಿಗ್ಗಿ ಕುಗ್ಗುವ ತಾಳ್ಮೆ ಅವಕ್ಕಿಲ್ಲ. ಅವನ್ನು ಬೇರೆ ಮಾಡುವುದರಿಂದ ಇನ್ನೊಂದು ಲಾಭವೂ ಇದೆ. ತಿರಸ್ಕೃತ ಹಿತ್ತಾಳೆಯನ್ನು ಕರಗಿಸಿ ಮತ್ತೆ ಹಿತ್ತಾಳೆ ಮಾಡಬಹುದು. ಉಕ್ಕು, ಅಲ್ಯೂಮಿನಿಯಂ ಬೆರೆತರೆ ಆ ಪಾಕವೇ ಕೆಡುತ್ತದೆ. ಮರುಬಳಕೆ ಬೇರೆ, ಮರುಕರಗಿಕೆ ಬೇರೆ ಎಂಬುದನ್ನೂ ಇಲ್ಲಿ ಗಮನಿಸಿ. ಹಿತ್ತಾಳೆ ಕರಗಲು 900 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕೇಸನ್ನು ಕೇಸಾಗಿಯೇ ಮತ್ತೆ ಬಳಸಿದರೆ ಆ ಶಾಖದ ಖರ್ಚು ಉಳಿಯುತ್ತದೆ.

ಮೂರನೆಯ ಜರಡಿ: ಅಳತೆ

ಇದು ನಿಜವಾಗಿಯೂ ಜರಡಿಯೇ. ರಾಗಿ, ಅಕ್ಕಿ, ನುಚ್ಚು ಬೇರ್ಪಡಿಸಲು ನಮ್ಮ ಮನೆಗಳಲ್ಲಿ ಬೇರೆ ಬೇರೆ ಕಣ್ಣಿನ ಜರಡಿಗಳಿರುವಂತೆ, ಬೇರೆ ಬೇರೆ ಅಗಲದ ಸೀಳುಗಳಿರುವ ತಟ್ಟೆಗಳನ್ನು ಒಂದರ ಮೇಲೊಂದಿಟ್ಟು ಕೇಸುಗಳನ್ನು ಸುರಿದು ಅಲುಗಿಸುತ್ತಾರೆ. .45 ಆಟೊ ತೋಟಾದ ಕೇಸು ಸುಮಾರು 12 ಮಿ.ಮೀ. ದಪ್ಪ, ಅದು ಮೇಲೇ ನಿಲ್ಲುತ್ತದೆ. 1990ರಲ್ಲಿ ಬಂದ .40 ತೋಟಾದ್ದು ಸುಮಾರು 10.8, ಅದು ನಡುತಟ್ಟೆಯಲ್ಲಿ. 9 ಮಿ.ಮೀ. ತೋಟಾದ ಕೇಸು ತಳದಲ್ಲಿ ಸುಮಾರು 9.9 ಮಿ.ಮೀ.; ಅದು ಕೆಳಗೆ. (ಒಂಬತ್ತು ಎಂಬುದು ಗುಂಡಿನ ದಪ್ಪ, ಕೇಸಿನದಲ್ಲ.)

ಆದರೆ ಜರಡಿ ನಿಂತಲ್ಲಿಗೆ ಕಷ್ಟ ಮುಗಿಯುವುದಿಲ್ಲ, ಆರಂಭವಾಗುತ್ತದೆ. 9 ಮಿ.ಮೀ. ಎಂದು ಕರೆಯಿಸಿಕೊಳ್ಳುವ ತೋಟಾಗಳು ಹಲವು. ಆಸ್ಟ್ರಿಯದ ಗಿಯೋರ್ಗ್ ಲೂಗರ್ ರೂಪಿಸಿದ ತೋಟಾದ ಕೇಸು 19 ಮಿ.ಮೀ. ಉದ್ದ. ರಷ್ಯದ ಮಕರೋವ್ ಪಿಸ್ತೂಲಿನದು 18. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ .380 ಆಟೊ ತೋಟಾದ್ದು 17. ಒಂದೊಂದು ಮಿ.ಮೀ. ವ್ಯತ್ಯಾಸ! ರಾಶಿಯಲ್ಲಿ ಬೆರೆತಾಗ ಕಣ್ಣು ಇದನ್ನು ಹಿಡಿಯಲಾರದು. ಒತ್ತಡದ ಲೆಕ್ಕ ನೋಡಿ. ಲೂಗರ್ ತೋಟಾಗೆ ಗರಿಷ್ಠ 2,400 ವಾಯುಭಾರವಾದರೆ .380ಕ್ಕೆ ಸುಮಾರು 1,450 ಮಾತ್ರ. ಒಂದಕ್ಕೆ ಹಾಕಬೇಕಾದ ಮದ್ದು ಇನ್ನೊಂದಕ್ಕೆ ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ರಿವಾಲ್ವರಿನ ತೋಟಾಗಳಲ್ಲಿ ಇಂಥದೇ ಜೋಡಿ .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್. ಅಂಗುಲದ ಲೆಕ್ಕದಲ್ಲಿ ಹೆಸರುಗಳು ಬೇರೆಯಾದರೂ ಎರಡರ ಗುಂಡಿನ ದಪ್ಪವೂ ಒಂದೇ, .357 ಅಂಗುಲ. ಕೇಸಿನ ದಪ್ಪವೂ ಒಂದೇ. ಬೇರೆಯಿರುವುದು ಉದ್ದ. ಮೊದಲನೆಯದು 29 ಮಿ.ಮೀ.ಗೆ ತುಸು ಹೆಚ್ಚು, ಎರಡನೆಯದು ಸುಮಾರು 33. ಮೊದಲನೆಯದರ ಮಿತಿ ಸುಮಾರು 1,150 ವಾಯುಭಾರ, ಎರಡನೆಯದರದ್ದು ಅದರ ಎರಡರಷ್ಟು. 1930ರ ದಶಕದಲ್ಲಿ ಮ್ಯಾಗ್ನಮ್ ಬಂದಾಗ ಅದರ ಕೇಸನ್ನು ಬೇಕೆಂದೇ ಉದ್ದ ಮಾಡಿದರು, ಹಳೆಯ .38 ರಿವಾಲ್ವರಿನೊಳಗೆ ಅದು ಕೂರದಿರಲೆಂದು. ಮೂರು ಚಿಲ್ಲರೆ ಮಿ.ಮೀ. ಹಿತ್ತಾಳೆ ಇಲ್ಲಿ ಬೀಗದ ಕೆಲಸ ಮಾಡುತ್ತದೆ. ತಪ್ಪಾಗಿ ವಿಂಗಡಿಸಿ, ಚಿಕ್ಕ ಕೇಸಿನಲ್ಲಿ ದೊಡ್ಡದರ ಮದ್ದು ತುಂಬಿದರೆ ಆ ಬೀಗವನ್ನು ನಾವೇ ಮುರಿದಂತೆ.

ನಾಲ್ಕನೆಯ ಜರಡಿ: ತಳದ ಅಕ್ಷರ

ಇದಕ್ಕೆ ಪರಿಹಾರ ಕೇಸಿನ ತಳದಲ್ಲೇ ಕೆತ್ತಿದೆ. ತಯಾರಕರ ಗುರುತು, ತೋಟಾದ ಹೆಸರು, ಸೈನ್ಯದ್ದಾದರೆ ಸಾಮಾನ್ಯವಾಗಿ ತಯಾರಾದ ವರ್ಷ. ವೃತ್ತದೊಳಗೆ ಕೂಡುಗುರುತು ಇದ್ದರೆ ಅದು ನ್ಯಾಟೊ ಒಕ್ಕೂಟದ ಅಳತೆಗೆ ಮಾಡಿದ್ದು. ಆದರೆ ಈ ಅಕ್ಷರ ಓದಲೂ ತಿಳಿವಳಿಕೆ ಬೇಕು. ಲೂಗರ್, ಪ್ಯಾರಾಬೆಲಮ್, 9×19, ಈ ಮೂರೂ ಒಂದೇ ತೋಟಾದ ಹೆಸರುಗಳು. .380 ಆಟೊ, 9 ಮಿ.ಮೀ. ಕುರ್ಜ್, 9×17, ಇವು ಮೂರೂ ಇನ್ನೊಂದರ ಹೆಸರುಗಳು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಹೆಸರಿರುವ ಹುಡುಗನಂತೆ.

ಹೆಸರು ಒಂದೇ ಆದರೂ ತಯಾರಕರು ಬೇರೆಯಾದರೆ ಒಳಗೆ ವ್ಯತ್ಯಾಸವಿರಬಹುದು. ಒಬ್ಬರ ಕೇಸಿನ ಗೋಡೆ ದಪ್ಪ, ಇನ್ನೊಬ್ಬರದು ತೆಳು. ಹೊರಗಿನ ಅಳತೆಯನ್ನು ಗೂಡು ನಿರ್ಧರಿಸುವುದರಿಂದ ಗೋಡೆ ದಪ್ಪವಾದಷ್ಟೂ ಒಳಗಿನ ಜಾಗ ಕಡಿಮೆ. ಅದೇ ಮದ್ದು ಕಿರಿದಾದ ಜಾಗದಲ್ಲಿ ಉರಿದರೆ ಒತ್ತಡ ಏರುತ್ತದೆ. ನೀವು ಪ್ರಯೋಗಾಲಯದಲ್ಲಿ ಕಲಿತ ಬಾಯ್ಲ್ ನಿಯಮದ ದಿಕ್ಕೇ ಇದು. ಇಲ್ಲಿ ಅದು ಇನ್ನೂ ಉಗ್ರ. ಏಕೆಂದರೆ ಒತ್ತಡ ಏರಿದಷ್ಟೂ ಮದ್ದು ಉರಿಯುವ ವೇಗವೂ ಏರುತ್ತದೆ. .45 ಕೇಸುಗಳಲ್ಲಿ ಇನ್ನೊಂದು ತೊಡಕು. ಹಿಂದಿನಿಂದ ಬಂದದ್ದು 5.3 ಮಿ.ಮೀ. ಅಗಲದ ದೊಡ್ಡ ಕೇಪು. ಈಚೆಗೆ ಕೆಲವರು 4.4 ಮಿ.ಮೀ.ನ ಸಣ್ಣ ಕೇಪಿಗೆ ತಕ್ಕಂತೆ ಮಾಡುತ್ತಾರೆ. ಎರಡೂ ಬೆರೆತ ರಾಶಿಯಲ್ಲಿ ಸಣ್ಣ ಗುಳಿಗೆ ದೊಡ್ಡ ಕೇಪನ್ನು ಯಂತ್ರದಿಂದ ಒತ್ತಿದರೆ ಅದು ಅಲ್ಲೇ ಸಿಡಿಯಬಹುದು. ಕೇಪು ಎಂದರೆ ಬಡಿತಕ್ಕೆ ಸಿಡಿಯಲೆಂದೇ ಹುಟ್ಟಿದ್ದು ತಾನೆ!

ಐದನೆಯ ಜರಡಿ: ಬಿರುಕು

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಡುವುದನ್ನು ನೀವು ನೋಡಿದ್ದೀರಿ. ಗಟ್ಟಿ ಮಡಕೆ ಕಣಕಣ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದಬೊದ ಎನ್ನುತ್ತದೆ. ಕೇಸು ವಿಂಗಡಿಸುವವರೂ ಹೀಗೇ ಮಾಡುತ್ತಾರೆ. ಬೊಗಸೆಯಲ್ಲಿ ನಾಲ್ಕಾರು ಕೇಸು ಹಿಡಿದು ಕುಲುಕುತ್ತಾರೆ. ಒಂದರ ಬಾಯಿ ಸೀಳಿದ್ದರೂ ದನಿ ಬೇರೆಯಾಗುತ್ತದೆ. ಕಂಪಿಸುವ ಉಂಗುರ ಒಂದು ಕಡೆ ತುಂಡಾಗಿರುವುದರಿಂದ ಅದಕ್ಕೆ ತನ್ನ ಸಹಜ ಸ್ವರ ಹೊರಡಿಸಲಾಗುವುದಿಲ್ಲ.

ಬಿರುಕು ಬರುವುದೇಕೆ? ತಾಮ್ರ ಹಿತ್ತಾಳೆಯ ಪಾತ್ರೆ ಮಾಡುವ ಕಂಚುಗಾರರು ತಗಡನ್ನು ಬಡಿಯುತ್ತ ಬಡಿಯುತ್ತ ನಡುವೆ ಕುಲುಮೆಗಿಟ್ಟು ಕಾಯಿಸುತ್ತಾರೆ. ಬಡಿದಂತೆಲ್ಲ ಲೋಹದ ಸ್ಫಟಿಕಗಳೊಳಗಿನ ಪದರಗಳು ಜಾರಿ, ಒಂದಕ್ಕೊಂದು ಸಿಕ್ಕಿಕೊಂಡು, ಮುಂದೆ ಜಾರದೆ ಲೋಹ ಗಡುಸಾಗುತ್ತದೆ. ಕಾಯಿಸಿದರೆ ಹೊಸ ಸ್ಫಟಿಕಗಳು ಮೂಡಿ ಮತ್ತೆ ಮೆದುವಾಗುತ್ತದೆ. ಕೇಸು ಕೂಡ ಪ್ರತಿಸಲ ಹಾರಿಸಿದಾಗ ಹಿಗ್ಗುತ್ತದೆ, ಮತ್ತೆ ಅಳತೆಗೆ ತರಲು ಯಂತ್ರದಲ್ಲಿ ಒತ್ತಿದಾಗ ಕುಗ್ಗುತ್ತದೆ. ಹಲವು ಸಲ ಹೀಗಾದ ಮೇಲೆ ಬಾಯಿಯ ಅಂಚು ಗಡುಸಾಗಿ ಸೀಳುತ್ತದೆ. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ತಳದ ಬಳಿ ಉಬ್ಬಿದ್ದರೆ, ಹೊಳೆಯುವ ಗೆರೆ ಸುತ್ತುವರಿದಿದ್ದರೆ, ಅದೂ ಗುಜರಿಗೆ. ಕೇಸನ್ನು ಇಡಿಯಾಗಿ ಕಾಯಿಸಿ ಮೆದು ಮಾಡಿದರಾಗದೆ ಎಂದು ಕೇಳಬಹುದು. ಕೂಡದು. ಬಾಯಿ ಮೆದುವಾಗಿಯೂ ತಳ ಗಡುಸಾಗಿಯೂ ಇರಬೇಕೆಂಬುದು ಕೇಸಿನ ರಚನೆಯ ಗುಟ್ಟು. ತಳ ಮೆದುವಾದರೆ ಒತ್ತಡ ಅದನ್ನು ಹರಿದು ಹಿಂದಕ್ಕೆ ನುಗ್ಗುತ್ತದೆ.

ಮಳೆಗಾಲದ ಬಿರುಕು

ಈ ಕಥೆಯಲ್ಲಿ ನಮ್ಮ ನೆಲಕ್ಕೂ ಒಂದು ಪಾತ್ರವಿದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಉಗ್ರಾಣಗಳಲ್ಲಿ ಒಂದು ವಿಚಿತ್ರ ಕಂಡುಬಂತು. ಒಮ್ಮೆಯೂ ಹಾರಿಸದ ಹೊಸ ತೋಟಾಗಳ ಹಿತ್ತಾಳೆ ಮಳೆಗಾಲ ಬಂತೆಂದರೆ ತಾನಾಗಿ ಬಿರುಕು ಬಿಡುತ್ತಿತ್ತು. ತುಕ್ಕಿಲ್ಲ, ಸವೆತವಿಲ್ಲ, ಬರಿಯ ಬಿರುಕು. ಋತುವಿಗೆ ಸರಿಯಾಗಿ ಕಾಣಿಸುತ್ತಿದ್ದುದರಿಂದ ಇದಕ್ಕೆ ಋತುಬಿರುಕು ಎಂಬ ಅರ್ಥದ ಹೆಸರು ಇಂಗ್ಲಿಷಿನಲ್ಲಿ ನಿಂತಿತು.

ಕಾರಣ ಸ್ಪಷ್ಟವಾದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ವಿಜ್ಞಾನಿಗಳ ಸಂಶೋಧನೆಯಿಂದ. ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಯ ಗಂಜಲದಿಂದ ಅಮೋನಿಯ ಹೊರಡುತ್ತದೆ. ತೇವದ ಗಾಳಿಯಲ್ಲಿ ಅದು ಹಿತ್ತಾಳೆಯ ತಾಮ್ರದೊಡನೆ ಸೇರಿ ನೀರಿನಲ್ಲಿ ಕರಗುವ ಸಂಕೀರ್ಣ ಅಯಾನು ಆಗುತ್ತದೆ. ನೀವು ಪ್ರಯೋಗಾಲಯದಲ್ಲಿ ಮೈಲುತುತ್ತದ ದ್ರಾವಣಕ್ಕೆ ಅಮೋನಿಯ ಹಾಕಿ ಕಂಡ ಗಾಢ ನೀಲಿ ಬಣ್ಣ ಇದರದೇ. ಆದರೆ ಅಮೋನಿಯ ಒಂದೇ ಸಾಲದು. ಕಾರ್ಖಾನೆಯಲ್ಲಿ ಎಳೆದು ಒತ್ತಿ ಮಾಡಿದ ಹಿತ್ತಾಳೆಯೊಳಗೆ ಬಿಗುವು ಉಳಿದಿರುತ್ತದೆ. ಒಳಗಿನ ಬಿಗುವು, ಹೊರಗಿನ ಅಮೋನಿಯ, ನಡುವೆ ತೇವ, ಈ ಮೂರೂ ಕೂಡಿದಾಗ ಸ್ಫಟಿಕಗಳ ಸಂದಿನ ಗುಂಟ ಬಿರುಕು ಓಡುತ್ತದೆ. ಮೂರರಲ್ಲಿ ಒಂದನ್ನು ತೆಗೆದರೂ ಬಿರುಕಿಲ್ಲ. ಹಿತ್ತಾಳೆಯನ್ನು ಸುಮಾರು 250ರಿಂದ 300 ಡಿಗ್ರಿಯಲ್ಲಿ ಹದವಾಗಿ ಕಾಯಿಸಿದರೆ ಗಡಸುತನ ಹೆಚ್ಚು ಕೆಡದೆ ಬಿಗುವು ಸಡಿಲುತ್ತದೆ ಎಂಬುದು ಅಂದು ಕಂಡುಕೊಂಡ ಪರಿಹಾರ. ಲಾಯದಿಂದ ದೂರವಿಡುವುದು ಇನ್ನೂ ಸುಲಭದ ಪರಿಹಾರ! ಇವತ್ತಿಗೂ ಕೇಸು ತೊಳೆಯುವವರಿಗೆ ಮೊದಲ ಎಚ್ಚರಿಕೆ ಇದೇ. ಅಮೋನಿಯ ಇರುವ ಹೊಳಪುದ್ರವ ಹಿತ್ತಾಳೆಗೆ ಸಲ್ಲದು.

ಹಾಗಾದರೆ ಯಾವುದರಿಂದ ತೊಳೆಯುತ್ತಾರೆ? ನಮ್ಮ ಮನೆಯ ಹಿತ್ತಾಳೆ ಬಿಂದಿಗೆಯನ್ನು ಅಜ್ಜಿಯರು ಹುಣಸೆಹಣ್ಣಿನಿಂದ ಉಜ್ಜುತ್ತಾರಲ್ಲ, ಅದೇ ತತ್ವ. ಅಲ್ಲಿ ಹುಣಸೆಯ ಬದಲು ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲ. ಹುಳಿ ಮಿತಿಮೀರಿದರೆ ಸತು ಕರಗಿಹೋಗಿ ತಾಮ್ರದ ಕೆಂಪು ಮಚ್ಚೆ ಉಳಿಯುತ್ತದೆ. ಅದು ಲೋಹ ಬಡವಾದ ಲಕ್ಷಣ.

ಕಾಣದ ಶತ್ರು

ಇಷ್ಟರಲ್ಲಿ ಅತಿ ಮುಖ್ಯವಾದದ್ದೊಂದು ಉಳಿದಿದೆ. ಬಹುಪಾಲು ಕೇಪುಗಳ ಸ್ಫೋಟಕದಲ್ಲಿ ಸೀಸದ ಸಂಯುಕ್ತ ಇರುತ್ತದೆ. ಉರಿದ ಮೇಲೆ ಅದು ಬೂದಿಯಾಗಿ ಕೇಸಿನೊಳಗೆ ಅಂಟಿರುತ್ತದೆ. ಒಣ ಪುಡಿಯಲ್ಲಿ ಕೇಸುಗಳನ್ನು ಉರುಳಿಸಿ ಹೊಳಪು ಕೊಡುವಾಗ ಈ ಬೂದಿ ಧೂಳಾಗಿ ಏಳುತ್ತದೆ. ಉಸಿರಿನ ಮೂಲಕವೂ ಬೆರಳಿನ ಮೂಲಕವೂ ಒಳಸೇರುತ್ತದೆ. ಸೀಸಕ್ಕೆ ವಾಸನೆಯಿಲ್ಲ, ಉರಿಯಿಲ್ಲ. ದೊಡ್ಡವರಿಗಿಂತ ಮಕ್ಕಳ ಮೆದುಳಿಗೆ ಅದರ ಹಾನಿ ಹೆಚ್ಚು. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಸೀಸಕ್ಕೆ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದಲೇ ತಿಳಿದವರು ಈ ಕೆಲಸವನ್ನು ಅಡುಗೆಮನೆಯ ಹತ್ತಿರಕ್ಕೂ ತರುವುದಿಲ್ಲ, ಕೈ ತೊಳೆಯದೆ ತಿನ್ನುವುದಿಲ್ಲ, ಒಣಗಿಸಿ ಉರುಳಿಸುವ ಬದಲು ನೀರಿನಲ್ಲೇ ತೊಳೆಯುತ್ತಾರೆ. ಕೇಸು ಉಳಿಸಲು ಹೋಗಿ ಮಗುವಿನ ಆರೋಗ್ಯ ಕಳೆದರೆ ಅದೆಂತಹ ಉಳಿತಾಯ?

ಇನ್ನೊಂದು ಶತ್ರು ರಾಶಿಯೊಳಗೇ ಅವಿತಿರುತ್ತದೆ. ಕೇಪಿಗೆ ಪೆಟ್ಟು ಬಿದ್ದೂ ಸಿಡಿಯದ, ಗುಂಡು ಸಮೇತವಿರುವ ತೋಟಾ ಖಾಲಿಗಳ ನಡುವೆ ಬೆರೆತು ಬರುವುದುಂಟು. ಗುಜರಿಯಲ್ಲಿ ಇಂಥದ್ದು ಬಂದರೆ ಅನಾಹುತ ಎಷ್ಟು ದೊಡ್ಡದಾಗಬಹುದೆಂಬುದನ್ನು ನಮ್ಮ ದೇಶ ಕಂಡಿದೆ. 2004ರಲ್ಲಿ ಗಾಜಿಯಾಬಾದಿನ ಒಂದು ಉಕ್ಕಿನ ಕಾರ್ಖಾನೆಯಲ್ಲಿ, ಹೊರದೇಶದಿಂದ ತರಿಸಿದ ಗುಜರಿಯೊಳಗಿದ್ದ ಯುದ್ಧಕಾಲದ ಸಿಡಿಮದ್ದು ಸ್ಫೋಟಗೊಂಡು ಕಾರ್ಮಿಕರು ಜೀವ ಕಳೆದುಕೊಂಡರು. ಅದು ಪಿಸ್ತೂಲಿನ ತೋಟಾ ಅಲ್ಲ, ಅದಕ್ಕಿಂತ ಬಹಳ ದೊಡ್ಡದು. ಆದರೆ ಪಾಠ ಒಂದೇ. ವಿಂಗಡಿಸದ ರಾಶಿ ಎಂದರೆ ಏನಿದೆಯೆಂದು ತಿಳಿಯದ ರಾಶಿ.

ಖಾಲಿ ಕೇಸು ನುಡಿಯುವ ಸಾಕ್ಷಿ

ವಿಂಗಡಣೆಯ ಕಣ್ಣು ನ್ಯಾಯಕ್ಕೂ ನೆರವಾಗುತ್ತದೆ. ಪ್ರತಿ ಬಂದೂಕಿನ ಬಡಿಗಡ್ಡಿ ಕೇಪಿನ ಮೇಲೆ ತನ್ನದೇ ಗುರುತು ಒತ್ತುತ್ತದೆ. ತಳವನ್ನು ತಡೆಯುವ ಉಕ್ಕಿನ ಮುಖದ ಸೂಕ್ಷ್ಮ ಗೀರುಗಳೂ ಹಿತ್ತಾಳೆಗೆ ಇಳಿಯುತ್ತವೆ. 1929ರ ಫೆಬ್ರವರಿ 14ರಂದು ಶಿಕಾಗೋ ನಗರದಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದಾಗ ಸ್ಥಳದಲ್ಲಿ 70 ಖಾಲಿ ಕೇಸುಗಳು ದೊರೆತವು. ಕ್ಯಾಲ್ವಿನ್ ಗೊಡ್ಡಾರ್ಡ್ ಎಂಬ ತಜ್ಞರು ತೌಲನಿಕ ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಪರೀಕ್ಷಿಸಿ, ಎರಡು ಥಾಂಪ್ಸನ್ ಬಂದೂಕುಗಳಿಂದ ಹಾರಿದವು ಎಂದು ಬೇರ್ಪಡಿಸಿದರು. ಮುಂದೆ ಆ ಬಂದೂಕುಗಳು ಸಿಕ್ಕಾಗ ಗುರುತುಗಳು ತಾಳೆಯಾದವು. ನ್ಯಾಯವಿಜ್ಞಾನದ ಪ್ರಯೋಗಾಲಯಗಳು ಇಂದಿಗೂ ನಡೆಯುವುದು ಇದೇ ದಾರಿಯಲ್ಲಿ. ನೆಲಕ್ಕೆ ಬಿದ್ದ ಕೇಸನ್ನು ಲೆಕ್ಕವಿಡುವುದರ ಅರ್ಥ ಈಗ ನಿಮಗೆ ಇನ್ನಷ್ಟು ತಿಳಿದಿರಬೇಕು.

ನೀವೇನು ಮಾಡಬಹುದು?

ಮೊದಲು, ಏನು ಮಾಡಬಾರದು ಎಂಬುದು. ನಮ್ಮ ದೇಶದ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ತೋಟಾದ ಬಿಡಿಭಾಗಗಳೂ ಅದನ್ನು ಮಾಡುವ ಯಂತ್ರಗಳೂ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಆದ್ದರಿಂದ ಇಲ್ಲಿ ಓದಿದ್ದು ತಿಳಿವಳಿಕೆಗೆ, ಪ್ರಯೋಗಕ್ಕಲ್ಲ. ಹೊಲದಲ್ಲೋ ಕಾಡಂಚಿನಲ್ಲೋ ಗುಜರಿಯಲ್ಲೋ ತೋಟಾ ಕಂಡರೆ ಮುಟ್ಟಬೇಡಿ, ಕುಟ್ಟಬೇಡಿ, ಬೆಂಕಿಗೆ ಎಸೆಯಬೇಡಿ. ಜೊತೆಗಿರುವ ಚಿಕ್ಕವರನ್ನು ದೂರ ಕಳಿಸಿ, ಹಿರಿಯರಿಗೂ ಪೊಲೀಸರಿಗೂ ತಿಳಿಸಿ.

ತೋಟಾ ಬೇಡ, ನಾಣ್ಯ ಸಾಕು. ಮನೆಯಲ್ಲಿರುವ ಹಳೆಯ ಹೊಸ ನಾಣ್ಯಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಬೆರೆಸಿ. ಅಯಸ್ಕಾಂತ ಹಿಡಿಯಿರಿ. ಐದು ರೂಪಾಯಿಯ ನಾಣ್ಯಗಳಲ್ಲೇ ಕೆಲವು ಅಂಟುತ್ತವೆ, ಕೆಲವು ಅಂಟುವುದಿಲ್ಲ. ಏಕೆಂದರೆ ಬೇರೆ ಬೇರೆ ಕಾಲದಲ್ಲಿ ಅವನ್ನು ಬೇರೆ ಬೇರೆ ಲೋಹದಲ್ಲಿ ಟಂಕಿಸಿದ್ದಾರೆ. ವರ್ಷ ಓದಿ ಗುಂಪು ಮಾಡಿ. ತೂಗಿ ನೋಡಿ. ಮೇಜಿನ ಮೇಲೆ ಬೀಳಿಸಿ ದನಿ ಕೇಳಿ. ಆಮೇಲೆ ಒಂದು ತುಂಡು ತಾಮ್ರದ ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ. ಮೊದಲು ಮೆದುವಾಗಿದ್ದದ್ದು ಬಗ್ಗಿಸಿದಂತೆಲ್ಲ ಗಡುಸಾಗಿ, ಕೊನೆಗೆ ಪಟ್ಟನೆ ತುಂಡಾಗುತ್ತದೆ. ಎಷ್ಟನೆಯ ಬಾಗಿಗೆ ಮುರಿಯಿತೆಂದು ಬರೆದಿಡಿ. ಗೆಳೆಯರ ಲೆಕ್ಕದೊಡನೆ ಹೋಲಿಸಿ.

ಬಣ್ಣ, ತೂಕ, ಅಳತೆ, ಅಕ್ಷರ, ದನಿ. ಒಂದೊಂದು ಪರೀಕ್ಷೆಯೂ ಸ್ವಲ್ಪ ಹೇಳುತ್ತದೆ, ಯಾವುದೂ ಎಲ್ಲವನ್ನೂ ಹೇಳುವುದಿಲ್ಲ. ಕಣ್ಣಿಗೆ ಒಂದೇ ಬಗೆಯಾಗಿ ಕಂಡ ರಾಶಿಯಲ್ಲಿ ವ್ಯತ್ಯಾಸಗಳನ್ನು ಒಂದೊಂದಾಗಿ ಗುರುತಿಸಿ, ಅನುಮಾನ ಬಂದದ್ದನ್ನು ಮುಲಾಜಿಲ್ಲದೆ ಬದಿಗಿಡುವುದು, ಇದೇ ಒಳ್ಳೆಯ ವಿಂಗಡಣೆ. ಒಳ್ಳೆಯ ವಿಜ್ಞಾನದ ಅಭ್ಯಾಸವೂ ಅದೇ.